ನಾಳೆ ನೀರು ಬರುವುದಿಲ್ಲ ಎಂದಾಗ: ಬೆಂಗಳೂರಿನ ಮನೆಗಳಿಗೆ ನೀರು ಮತ್ತು ಒಳಚರಂಡಿ ಸೇವೆಯ ಮಾರ್ಗದರ್ಶಿ

ನಿರ್ವಹಣಾ ಕಾಮಗಾರಿಯ ನಿಮಿತ್ತ ಕಾವೇರಿ ನೀರು ಪೂರೈಕೆಯಲ್ಲಿ ವ್ಯತ್ಯಯವಾಗಲಿದೆ ಎಂಬ ಜಲಮಂಡಳಿಯ ಪ್ರಕಟಣೆ ಪತ್ರಿಕೆಯಲ್ಲೋ ಬೀದಿಯ ವಾಟ್ಸ್‌ಆ್ಯಪ್ ಗುಂಪಿನಲ್ಲೋ ಬಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರು ಮಾಡುವುದು ಒಂದೇ ಕೆಲಸ. ಬಡಾವಣೆಗಳ ಪಟ್ಟಿಯಲ್ಲಿ ನಮ್ಮ ಬಡಾವಣೆಯ ಹೆಸರನ್ನು ಹುಡುಕುತ್ತೇವೆ. ಇದ್ದರೆ ಇರುವ ಕೊಡ, ಬಕೆಟ್ಟುಗಳನ್ನೆಲ್ಲ ತುಂಬಿಡುತ್ತೇವೆ, ಇಲ್ಲದಿದ್ದರೆ ಅದನ್ನು ಮರೆತುಬಿಡುತ್ತೇವೆ. ಮೂರು ದಿನದ ನಂತರ ಸಂಪು ಬರಿದಾದಾಗ ಮಾತ್ರ ಆ ಪಟ್ಟಿ ಮತ್ತೆ ನೆನಪಾಗುತ್ತದೆ. ಪ್ರಕಟಣೆಯಲ್ಲಿ ಮಂಡಳಿ ಹೇಳುವುದು ಅದರ ಪಂಪು, ಕೊಳವೆ ಮತ್ತು ಜಲಾಗಾರಗಳ ವಿಷಯವನ್ನು. ಅದು ನಮ್ಮ ಮನೆಯ ವಿಷಯವಾಗಬೇಕಾದರೆ ನಮ್ಮ ಮನೆಗೆ ನೀರು ಎಲ್ಲಿಂದ ಬರುತ್ತದೆ, ಬಳಸಿದ ನೀರು ಎಲ್ಲಿಗೆ ಹೋಗುತ್ತದೆ ಎಂಬುದು ನಮಗೆ ಮೊದಲೇ ಗೊತ್ತಿರಬೇಕು. ಆದ್ದರಿಂದ ಈ ಮಾರ್ಗದರ್ಶಿಯನ್ನು ಪ್ರಕಟಣೆ ಬಂದ ದಿನದಿಂದ ಆರಂಭಿಸದೆ, ಏನೂ ತೊಂದರೆ ಇಲ್ಲದ ಒಂದು ಸಾಮಾನ್ಯ ಭಾನುವಾರದಿಂದ ಆರಂಭಿಸುತ್ತೇನೆ.

ಮೊದಲ ಹೆಜ್ಜೆ: ಸಂಪರ್ಕದ ವಿವರವನ್ನು ಬರೆದಿಡುವುದು

ನೀರಿನ ಬಿಲ್ಲನ್ನು ಕೈಗೆತ್ತಿಕೊಂಡು, ನಿಮ್ಮ ಸಂಪರ್ಕದ ಗುರುತಾಗಿ ಅದರಲ್ಲಿರುವ ಆರ್‌ಆರ್ ಸಂಖ್ಯೆಯನ್ನೂ ಉಪವಿಭಾಗದ ಹೆಸರನ್ನೂ ಒಂದು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆಯಿರಿ. ದೂರು ಕೊಡುವಾಗ, ಹಣ ಕಟ್ಟುವಾಗ, ಅರ್ಜಿ ಹಾಕುವಾಗ ಎಲ್ಲ ಕಡೆಯೂ ಮೊದಲು ಕೇಳುವುದು ಆ ಸಂಖ್ಯೆಯನ್ನೇ. ಅದರ ಕೆಳಗೆ ನಿಮ್ಮ ಬೀದಿಗೆ ಯಾವ ವಾರ, ಯಾವ ಹೊತ್ತಿಗೆ ನೀರು ಬಿಡುತ್ತಾರೆ, ಎಷ್ಟು ಗಂಟೆ ಬಿಡುತ್ತಾರೆ ಎಂಬುದನ್ನು ಬರೆಯಿರಿ. ಉಳಿದ ಎರಡು ವಿವರಗಳನ್ನು, ಅಂದರೆ ನಿಮ್ಮ ಬೀದಿಗೆ ನೀರು ಯಾವ ಜಲಾಗಾರದಿಂದ ಬರುತ್ತದೆ ಮತ್ತು ಅದು ಕಾವೇರಿ ಯೋಜನೆಯ ಯಾವ ಹಂತಕ್ಕೆ ಸೇರಿದೆ ಎಂಬುದನ್ನು, ವಾಲ್ವ್ ತಿರುಗಿಸಲು ಬರುವ ವಾಲ್ವ್‌ಮನ್‌ನನ್ನು ವಿನಯದಿಂದ ಕೇಳಿದರೆ ನಿಂತ ನಿಲುವಿನಲ್ಲೇ ಹೇಳುತ್ತಾರೆ. ಹಳ್ಳಿಯ ಕೆರೆಗೆ ನೀರುಗಂಟಿ ಹೇಗೋ, ನಮ್ಮ ಬೀದಿಗೆ ಅವರು ಹಾಗೆ. ಅವರಷ್ಟು ನಿಖರವಾಗಿ ನಮ್ಮ ಬೀದಿಯ ನೀರನ್ನು ಬಲ್ಲವರು ಕಚೇರಿಯಲ್ಲಿಯೂ ಸಿಗುವುದು ಕಷ್ಟ.

ಹಂತ ಎಂಬ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಪ್ರಕಟಣೆಗಳೆಲ್ಲ ಅದನ್ನೇ ಆಧರಿಸಿರುತ್ತವೆ. ಬೆಂಗಳೂರಿಗೆ ಕೊಳವೆಯ ನೀರು ಮೊದಲು ಬಂದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹೆಸರಘಟ್ಟದಿಂದ. 1930ರ ದಶಕದಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ಸೇರಿತು. 1964ರ ಕಾಯ್ದೆಯಂತೆ ಬೆಂಗಳೂರು ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ರಚನೆಯಾಯಿತು. 1974ರಲ್ಲಿ ಕಾವೇರಿಯ ಮೊದಲ ಹಂತ ನಗರಕ್ಕೆ ತಲುಪಿತು. ಅಲ್ಲಿಂದ ಒಂದೊಂದೇ ಹಂತ ಸೇರುತ್ತಾ ಬಂದು, 2024ರ ಅಕ್ಟೋಬರ್ 16ರಂದು ದಿನಕ್ಕೆ 77.5 ಕೋಟಿ ಲೀಟರ್ ಸಾಮರ್ಥ್ಯದ ಐದನೆಯ ಹಂತ ಉದ್ಘಾಟನೆಯಾಯಿತು. ಇದು ಮುಖ್ಯವಾಗಿ ನಗರದ ಹೊರವಲಯಕ್ಕೆ ಸೇರಿದ 110 ಹಳ್ಳಿಗಳ ಪ್ರದೇಶಕ್ಕಾಗಿ ರೂಪಿಸಿದ ಹಂತ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧೀಕರಣಗೊಂಡ ನೀರು ಹಾರೋಹಳ್ಳಿ, ತಾತಗುಣಿಗಳ ಪಂಪಿಂಗ್ ಕೇಂದ್ರಗಳನ್ನು ಹಾದು, ಸುಮಾರು 100 ಕಿಲೋಮೀಟರ್ ದೂರವನ್ನೂ ಸುಮಾರು 500 ಮೀಟರ್ ಎತ್ತರವನ್ನೂ ಕ್ರಮಿಸಿ ನಮ್ಮ ಸಂಪಿಗೆ ಬೀಳುತ್ತದೆ. ಆ ದಾರಿಯಲ್ಲಿ ಎಲ್ಲಿ ವಿದ್ಯುತ್ ಕಡಿತವಾದರೂ, ಎಲ್ಲಿ ಕೊಳವೆ ಒಡೆದರೂ, ಆ ಹಂತವನ್ನು ನೆಚ್ಚಿದ ಎಲ್ಲ ಬೀದಿಗಳಿಗೂ ಅದರ ಪೆಟ್ಟು ಬೀಳುತ್ತದೆ. ಬಡಾವಣೆಯ ಹೆಸರು ಪಟ್ಟಿಯಲ್ಲಿ ಬಿಟ್ಟುಹೋಗಿರಬಹುದು. ಹಂತದ ಉಲ್ಲೇಖ ಸಾಮಾನ್ಯವಾಗಿ ತಪ್ಪುವುದಿಲ್ಲ.

ಎರಡನೆಯ ಹೆಜ್ಜೆ: ಪ್ರಕಟಣೆಯ ಗಂಟೆಗಳನ್ನು ನಮ್ಮ ಮನೆಯ ದಿನಗಳಿಗೆ ಪರಿವರ್ತಿಸುವುದು

ಪ್ರಕಟಣೆಯಲ್ಲಿ 24 ಗಂಟೆ ಎಂದಿದ್ದರೆ ಒಂದೇ ದಿನ ತಾನೆ ಎಂದು ಭಾವಿಸುವುದು ಬಹಳ ಸಾಮಾನ್ಯವಾದ ತಪ್ಪು. ದಿನ ಬಿಟ್ಟು ದಿನ ನೀರು ಬರುವ ಬೀದಿಯಲ್ಲಿ ಸೋಮವಾರ ನೀರು ಬಂದು, ಬುಧವಾರದ ಸರದಿ ಸ್ಥಗಿತದ ಅವಧಿಯೊಳಗೆ ಸಿಕ್ಕಿಕೊಂಡರೆ ಮುಂದಿನ ನೀರು ಶುಕ್ರವಾರವೇ. ಅಂದರೆ ಪಂಪು ನಿಂತದ್ದು 24 ಗಂಟೆ, ನಮಗೆ ನೀರಿಲ್ಲದ್ದು ನಾಲ್ಕು ದಿನ. ಅದೂ ಪಂಪು ಮತ್ತೆ ಚಾಲೂ ಆದ ತಕ್ಷಣ ಕೊಳವೆಗಳು ತುಂಬಿಬಿಡುವುದಿಲ್ಲ. ಬರಿದಾದ ಜಾಲಕ್ಕೆ ಮೊದಲು ತಗ್ಗಿನ ಬೀದಿಗಳಲ್ಲಿ ಒತ್ತಡ ಸೇರುತ್ತದೆ, ದಿಬ್ಬದ ಮೇಲಿನ ಮನೆಗಳಿಗೂ ಸಾಲಿನ ತುತ್ತತುದಿಯ ಮನೆಗಳಿಗೂ ಅದು ತಲುಪುವುದು ಎಲ್ಲರಿಗಿಂತ ಕೊನೆಗೆ. 2025ರ ಸೆಪ್ಟೆಂಬರ್‌ನಲ್ಲಿ ನಿರ್ವಹಣೆಗಾಗಿ ಮೂರು ದಿನಗಳ ವ್ಯತ್ಯಯ ಪ್ರಕಟವಾಗಿದ್ದಾಗ ಈ ಲೆಕ್ಕ ಹಾಕಿಕೊಂಡವರು ನೆಮ್ಮದಿಯಾಗಿದ್ದರು. ನಿಮ್ಮ ಸರದಿಯ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಸ್ಥಗಿತದ ಅವಧಿಯನ್ನು ಅದರ ಮೇಲೆ ಇಟ್ಟು ನೋಡಿ. ಎಷ್ಟು ದಿನದ ಅಂತರ ಬೀಳುತ್ತದೆಯೋ ಅದಕ್ಕೆ ಇನ್ನೊಂದು ದಿನ ಸೇರಿಸಿಕೊಳ್ಳಿ.

ಇನ್ನು ಸಂಪಿನ ಲೆಕ್ಕ. ಸಂಪಿನ ಉದ್ದ, ಅಗಲ ಮತ್ತು ನೀರು ನಿಲ್ಲುವ ಆಳವನ್ನು ಅಡಿಗಳಲ್ಲಿ ಅಳೆದು ಗುಣಿಸಿ, ಬಂದ ಸಂಖ್ಯೆಯನ್ನು 28.3ರಿಂದ ಗುಣಿಸಿದರೆ ಲೀಟರ್ ಸಿಗುತ್ತದೆ. ಆರು ಅಡಿ ಉದ್ದ, ಐದು ಅಡಿ ಅಗಲ, ಐದು ಅಡಿ ಆಳದ ಸಂಪು ತುಂಬಿದಾಗ ಸುಮಾರು 4,250 ಲೀಟರ್ ಹಿಡಿಯುತ್ತದೆ. ನಗರಗಳ ನೀರು ಪೂರೈಕೆಗೆ ತಲೆಗೆ ದಿನಕ್ಕೆ 135 ಲೀಟರ್ ಎಂಬ ಮಾನದಂಡವಿದೆ. ಐದು ಜನರ ಮನೆಗೆ ಅದು 675 ಲೀಟರ್ ಆಗುತ್ತದೆ. ಅಂದರೆ ಈ ಸಂಪು ತುಂಬಿದ್ದರೆ ನಾಲ್ಕಲ್ಲ, ಆರು ದಿನ ಬರುತ್ತದೆ. ಆದರೆ ಸಂಪು ಅರ್ಧ ಖಾಲಿಯಾಗಿರುವಾಗ ಸ್ಥಗಿತ ಶುರುವಾದರೆ ಮೂರನೆಯ ದಿನಕ್ಕೇ ಟ್ಯಾಂಕರಿಗೆ ಫೋನ್ ಮಾಡಬೇಕಾಗುತ್ತದೆ. ಹೀಗಾಗಿ ಪ್ರಕಟಣೆ ಬಂದ ದಿನ ಮಾಡಬೇಕಾದ ನಿಜವಾದ ಕೆಲಸವೆಂದರೆ ಸ್ಥಗಿತಕ್ಕೆ ಮುಂಚಿನ ಕೊನೆಯ ಸರದಿಯಲ್ಲಿ ಸಂಪು ಬಾಯಿಮಟ್ಟ ತುಂಬುವಂತೆ ನೋಡಿಕೊಳ್ಳುವುದು, ಬಟ್ಟೆ ಒಗೆಯುವುದನ್ನು ಆ ಸರದಿಯ ದಿನವೇ ಮುಗಿಸುವುದು, ಮತ್ತು ಕುಡಿಯುವ ನೀರನ್ನು ಮುಚ್ಚಳವಿರುವ ಪಾತ್ರೆಯಲ್ಲಿ ಬೇರೆಯಾಗಿ ಎತ್ತಿಡುವುದು. ಬಾಡಿಗೆದಾರರಿರುವ ಮನೆಯಾದರೆ ಮಾಲೀಕರು ಎಲ್ಲ ಮನೆಗಳಿಗೂ ಹಿಂದಿನ ದಿನವೇ ತಿಳಿಸಬೇಕು. ಒಂದೇ ಸಂಪನ್ನು ಹಂಚಿಕೊಂಡಿರುವಲ್ಲಿ ಒಬ್ಬರಿಗೆ ಗೊತ್ತಿಲ್ಲದಿದ್ದರೂ ಎಲ್ಲರ ಲೆಕ್ಕವೂ ತಪ್ಪುತ್ತದೆ.

ಟ್ಯಾಂಕರ್ ಅನಿವಾರ್ಯವಾದರೆ ನೀರು ಎಲ್ಲಿಯದು ಎಂದು ಕೇಳದೆ ಸಂಪಿಗೆ ಬಿಡಿಸಿಕೊಳ್ಳಬೇಡಿ. ಖಾಸಗಿ ಟ್ಯಾಂಕರುಗಳ ನೀರು ಸಾಮಾನ್ಯವಾಗಿ ಕೊಳವೆಬಾವಿಯದು; ಅದನ್ನು ಬಳಕೆಗೆ ಇಟ್ಟುಕೊಂಡು, ಕುಡಿಯಲು ಕಾವೇರಿ ನೀರನ್ನೇ ಉಳಿಸಿಕೊಳ್ಳುವುದು ಒಳ್ಳೆಯದು. ಮಂಡಳಿಯೇ ನಡೆಸುವ ಸಂಚಾರಿ ಕಾವೇರಿ ಟ್ಯಾಂಕರ್ ಸೇವೆಯನ್ನು ಕಾಯ್ದಿರಿಸಿಕೊಳ್ಳುವ ಅವಕಾಶವೂ ಇದೆ.

ಮೂರನೆಯ ಹೆಜ್ಜೆ: ನೀರು ಮರಳಿ ಬಂದ ಮೊದಲ ಕಾಲು ಗಂಟೆ

ಇದರ ಬಗ್ಗೆ ಹೆಚ್ಚು ಹೇಳುವುದಿದೆ, ಏಕೆಂದರೆ ಮನೆಯವರ ಆರೋಗ್ಯ ಕೆಡುವುದು ನೀರು ಇಲ್ಲದ ದಿನಗಳಲ್ಲಲ್ಲ, ಅದು ಮರಳಿ ಬರುವ ದಿನ. ಕೊಳವೆಯಲ್ಲಿ ಒತ್ತಡದಿಂದ ನೀರು ಹರಿಯುತ್ತಿರುವಾಗ ಬಿರುಕು ಇದ್ದರೂ ನೀರು ಹೊರಗೆ ಸೋರುತ್ತದೆಯೇ ಹೊರತು ಹೊರಗಿನದು ಒಳಗೆ ಬರುವುದಿಲ್ಲ. ಕೊಳವೆ ಬರಿದಾದಾಗ ಸ್ಥಿತಿ ತಿರುಗುಮುರುಗಾಗುತ್ತದೆ. ಪಕ್ಕದಲ್ಲೇ ಹಾದುಹೋದ ಒಳಚರಂಡಿ ಸೋರುತ್ತಿದ್ದರೆ ಆ ಕೊಳಕು ಅದೇ ಬಿರುಕಿನಿಂದ ಒಳಸೇರುತ್ತದೆ. ಬೀದಿಯ ಸಾಲಿಗೆ ನೇರವಾಗಿ ಮೋಟಾರ್ ಇಟ್ಟು ನೀರೆಳೆಯುವ ಅಭ್ಯಾಸ ಕೆಲವು ಮನೆಗಳಲ್ಲಿದೆ. ಅದು ನೆರೆಯವರ ಪಾಲಿನ ನೀರನ್ನು ಕಸಿಯುವುದಷ್ಟೇ ಅಲ್ಲ, ಕೊಳವೆಯೊಳಗೆ ಹೀರುವಿಕೆಯನ್ನು ಉಂಟುಮಾಡಿ ಇಡೀ ಬೀದಿಯ ನೀರಿಗೆ ಕೊಳಕನ್ನು ಎಳೆದು ತರುತ್ತದೆ. ದಯವಿಟ್ಟು ಅದನ್ನು ಮಾಡಬೇಡಿ, ಮಾಡುವವರಿಗೆ ಕಾರಣ ಸಹಿತ ತಿಳಿಹೇಳಿ.

ಮೀಟರಿನ ನಂತರ, ಸಂಪಿಗೆ ಮುಂಚೆ, ಒಂದು ಗೇಟ್‌ವಾಲ್ವ್ ಮತ್ತು ಅದಕ್ಕೂ ಮುಂಚೆ ಒಂದು ಚಿಕ್ಕ ನಲ್ಲಿ ಇರಲಿ. ಇಲ್ಲದಿದ್ದರೆ ಪ್ಲಂಬರನ್ನು ಕರೆಸಿ ಹಾಕಿಸಿ. ಅರ್ಧ ದಿನದ ಕೆಲಸವಷ್ಟೆ. ನೀರು ಬರುವ ಸದ್ದಾದಾಗ ವಾಲ್ವ್ ಮುಚ್ಚಿ, ನಲ್ಲಿಯನ್ನು ಬಿಟ್ಟು, ಬಿಳಿಯ ಬಕೆಟ್ಟಿನಲ್ಲಿ ನೀರು ಹಿಡಿದು ಬೆಳಕಿನಲ್ಲಿ ನೋಡಿ. ಮೊದಲು ಗಾಳಿ ಉಗುಳುತ್ತದೆ, ನಂತರ ಚಹಾದ ಬಣ್ಣದ ನೀರು ಬರುತ್ತದೆ; ಅದು ಕೊಳವೆಯ ತುಕ್ಕು ಮತ್ತು ಹೂಳು, ಗಿಡಕ್ಕೆ ಹಾಕಬಹುದು. ಕಾಲು ಗಂಟೆಯಲ್ಲಿ ತಿಳಿಯಾಗಿ ಸಣ್ಣಗೆ ಕ್ಲೋರಿನ್ ವಾಸನೆ ಬಂದರೆ ನಿಶ್ಚಿಂತೆಯಿಂದ ಸಂಪಿಗೆ ಬಿಡಿ, ಏಕೆಂದರೆ ಆ ವಾಸನೆ ನೀರಿನಲ್ಲಿ ರಕ್ಷಣೆ ಉಳಿದಿದೆ ಎಂಬುದರ ಗುರುತು. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಕ್ಲೋರಿನ್ ಹಾಕಿದ ನೀರಿನಲ್ಲಿ ಬಳಕೆದಾರರನ್ನು ತಲುಪುವಾಗ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ನೀರು ಬೂದು ಬಣ್ಣದ್ದಾಗಿ, ನೊರೆಯಿದ್ದು, ಕೊಳೆತ ಮೊಟ್ಟೆಯ ವಾಸನೆ ಹೊಡೆದರೆ ಅದು ಒಳಚರಂಡಿ ಬೆರೆತ ನೀರು ಎಂದೇ ತಿಳಿಯಿರಿ. ಒಂದು ಹನಿಯೂ ಸಂಪಿಗೆ ಬೀಳದಂತೆ ವಾಲ್ವ್ ಮುಚ್ಚಿಯೇ ಇಟ್ಟು, ಬಕೆಟ್ಟಿನ ಫೋಟೊ ತೆಗೆದುಕೊಂಡು, ಕೂಡಲೇ ದೂರು ಕೊಡಿ ಮತ್ತು ಅಕ್ಕಪಕ್ಕದ ಮನೆಗಳಿಗೆ ಹೇಳಿ.

ಅಕ್ಕಪಕ್ಕದವರನ್ನು ಕೇಳುವುದು ಇನ್ನೊಂದು ಕಾರಣಕ್ಕೂ ಮುಖ್ಯ. ಕೆಲವು ವರ್ಷಗಳ ಹಿಂದೆ ನಮ್ಮ ಮನೆಯ ನಲ್ಲಿಯಲ್ಲಿ ಬೆಳಗಿನ ಹೊತ್ತು ಇಂಥ ವಾಸನೆ ಬರತೊಡಗಿದಾಗ ನಾನು ಬೀದಿಯ ಕೊಳವೆಯನ್ನೇ ದೂರಿದ್ದೆ. ಎದುರು ಮನೆಯ ನೀರು ಮಾತ್ರ ತಿಳಿಯಾಗಿತ್ತು. ಸಂಪನ್ನು ಪೂರ್ತಿ ಬಸಿದು, ಟಾರ್ಚ್ ಬಿಟ್ಟು ನೋಡಿದಾಗ ಉತ್ತರದ ಗೋಡೆಯಲ್ಲಿ ಕೂದಲೆಳೆಯಂಥ ಒಂದು ಬಿರುಕು, ಅದರಿಂದ ಕೆಳಗಿಳಿದ ಕಪ್ಪು ಗೆರೆ ಕಂಡವು. ಆ ಗೋಡೆಯ ಆಚೆ ಮೂರೇ ಅಡಿ ದೂರದಲ್ಲಿ ನಮ್ಮದೇ ಒಳಚರಂಡಿಯ ಚೇಂಬರ್ ಇತ್ತು. ಮನೆ ಕಟ್ಟುವವರು ಸಂಪನ್ನೂ ಚೇಂಬರನ್ನೂ ನಿವೇಶನದ ಬೇರೆ ಬೇರೆ ಬದಿಗಳಲ್ಲಿ ಇಡಬೇಕೆಂದು ನಾನು ಅಂದಿನಿಂದ ಕಂಡವರಿಗೆಲ್ಲ ಹೇಳುತ್ತಿದ್ದೇನೆ.

ಸಂಪು ಕೆಟ್ಟಿದ್ದರೆ ಪೂರ್ತಿ ಬಸಿದು, ಗೋಡೆ ಮತ್ತು ತಳವನ್ನು ಬ್ಲೀಚಿಂಗ್ ಪೌಡರ್ ನೀರಿನಿಂದ ಉಜ್ಜಿ ತೊಳೆದು, ಆ ನೀರನ್ನು ಹೊರಹಾಕಿ, ನಂತರ ಹೊಸ ನೀರು ತುಂಬಬೇಕು. ಸಂದೇಹದ ನೀರನ್ನು ಶುದ್ಧಗೊಳಿಸಲು ಸಾವಿರ ಲೀಟರಿಗೆ ಒಳ್ಳೆಯ ಗುಣಮಟ್ಟದ ಸುಮಾರು 2.5 ಗ್ರಾಂ ಬ್ಲೀಚಿಂಗ್ ಪೌಡರನ್ನು ಮಗ್ಗಿನಲ್ಲಿ ಕಲಸಿ, ಸುಣ್ಣ ತಳಕ್ಕಿಳಿದ ಮೇಲೆ ಮೇಲಿನ ತಿಳಿಯನ್ನಷ್ಟೇ ಬೆರೆಸಿ ಒಂದು ಗಂಟೆ ಬಿಡುವುದು ರೂಢಿ. ಒಳಚರಂಡಿ ಬೆರೆತಿದೆ ಎಂಬುದು ಖಚಿತವಿದ್ದರೆ ಈ ಉಪಾಯವನ್ನು ನೆಚ್ಚದೆ ನೀರನ್ನು ಚೆಲ್ಲಬೇಕು. ಕುಡಿಯುವ ನೀರನ್ನು ಕೆಲವು ದಿನ ಚೆನ್ನಾಗಿ ಕುದಿಸಿ ಆರಿಸಿ ಕುಡಿಯಿರಿ. ಬಹುಕಾಲ ಮುಚ್ಚಿದ್ದ ಸಂಪಿಗೆ ಒಬ್ಬರೇ ಎಂದೂ ಇಳಿಯಬೇಡಿ. ಮುಚ್ಚಳವನ್ನು ಸಾಕಷ್ಟು ಹೊತ್ತು ತೆರೆದಿಟ್ಟು ಗಾಳಿಯಾಡಲು ಬಿಟ್ಟ ನಂತರ, ಮೇಲೆ ಒಬ್ಬರನ್ನು ನಿಲ್ಲಿಸಿಕೊಂಡೇ ಇಳಿಯಬೇಕು.

ನಾಲ್ಕನೆಯ ಹೆಜ್ಜೆ: ದೂರು ಮತ್ತು ಅದರ ಸಂಖ್ಯೆ

ಜಲಮಂಡಳಿಯ ಸಹಾಯವಾಣಿ 1916. ಕರೆ ಮಾಡಿದಾಗ ಆರ್‌ಆರ್ ಸಂಖ್ಯೆ, ಮನೆಯ ಗುರುತು, ತೊಂದರೆ ಶುರುವಾದ ದಿನ ಮತ್ತು ಹೊತ್ತನ್ನು ಹೇಳಿ, ದೂರಿನ ಸಂಖ್ಯೆಯನ್ನು ಕೇಳಿ ಬರೆದುಕೊಳ್ಳಿ. ‘ನೀರು ಸರಿಯಾಗಿ ಬರುತ್ತಿಲ್ಲ’ ಎಂಬ ದೂರಿಗಿಂತ ‘ಮಂಗಳವಾರ ಬೆಳಿಗ್ಗೆ ಎರಡು ಗಂಟೆ ಬರುತ್ತಿದ್ದ ನೀರು ಮೂರು ಸರದಿಗಳಿಂದ ಇಪ್ಪತ್ತೇ ನಿಮಿಷ ಬರುತ್ತಿದೆ, ಎದುರು ಸಾಲಿನ ಮನೆಗಳಿಗೆ ಮೊದಲಿನಂತೆಯೇ ಇದೆ’ ಎಂಬ ದೂರಿಗೆ ಎಂಜಿನಿಯರ್ ಬೇಗ ಉತ್ತರ ಕಂಡುಕೊಳ್ಳುತ್ತಾರೆ, ಏಕೆಂದರೆ ತೊಂದರೆ ಜಲಾಗಾರದಲ್ಲಲ್ಲ, ನಿಮ್ಮ ಸಾಲಿನ ವಾಲ್ವ್‌ನಲ್ಲೋ ಕೊಳವೆಯಲ್ಲೋ ಇದೆ ಎಂಬುದನ್ನು ಆ ವಾಕ್ಯವೇ ಹೇಳಿಬಿಡುತ್ತದೆ. ಫೋನಿನಲ್ಲಿ ಬಗೆಹರಿಯದಿದ್ದರೆ ಉಪವಿಭಾಗದ ಸಹಾಯಕ ಕಾರ್ಯಪಾಲಕ ಎಂಜಿನಿಯರ್ ಅವರಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ. ಮಂಡಳಿ ಉಪವಿಭಾಗಗಳಲ್ಲಿ ನೀರಿನ ಅದಾಲತ್ ನಡೆಸುತ್ತದೆ. ಬಿಲ್ಲಿನ ವಿವಾದ, ಹೊಸ ಸಂಪರ್ಕದ ವಿಳಂಬದಂಥ ವಿಷಯಗಳನ್ನು ಹಳೆಯ ದೂರಿನ ಸಂಖ್ಯೆಗಳೊಂದಿಗೆ ಅಲ್ಲಿ ಮುಂದಿಡಬಹುದು.

ಐದನೆಯ ಹೆಜ್ಜೆ: ಮೀಟರನ್ನು ನಾವೇ ಓದುವುದು

ನೀರಿನ ದರ 2014ರ ನಂತರ ಮೊದಲ ಬಾರಿಗೆ 2025ರ ಏಪ್ರಿಲ್‌ನಲ್ಲಿ ಪರಿಷ್ಕರಣೆಯಾಯಿತು. ಗೃಹಬಳಕೆಯ ದರ ಹಂತಹಂತವಾಗಿ ಏರುತ್ತದೆ: ಮೊದಲ 8,000 ಲೀಟರಿಗೆ ಒಂದು ದರ, ಅಲ್ಲಿಂದ 25,000ದವರೆಗೆ ಇನ್ನೊಂದು, 50,000ದವರೆಗೆ ಮತ್ತೊಂದು, ಅದರಾಚೆ ಅದಕ್ಕಿಂತ ಹೆಚ್ಚಿನದು. ಹೀಗಾಗಿ ಚಿಕ್ಕದೊಂದು ಸೋರಿಕೆ ಬಿಲ್ಲನ್ನು ಅದರ ಪ್ರಮಾಣಕ್ಕಿಂತ ಹೆಚ್ಚಾಗಿಯೇ ಏರಿಸುತ್ತದೆ. ದಿನಕ್ಕೆ 675 ಲೀಟರ್ ಬಳಸುವ ಮನೆಯ ತಿಂಗಳ ಬಳಕೆ 20,250 ಲೀಟರ್, ಅಂದರೆ ಎರಡನೆಯ ದರದೊಳಗೇ ಇದೆ. ಫ್ಲಶ್ ಟ್ಯಾಂಕಿನಿಂದ ಐದು ನಿಮಿಷಕ್ಕೆ ಒಂದು ಲೀಟರ್ ಸದ್ದಿಲ್ಲದೆ ಜಾರುತ್ತಿದೆ ಎಂದಿಟ್ಟುಕೊಳ್ಳಿ. ದಿನಕ್ಕೆ 288 ಲೀಟರ್, ತಿಂಗಳಿಗೆ 8,640 ಲೀಟರ್ ಆಯಿತು. ಒಟ್ಟು 28,890ಕ್ಕೆ ಏರಿ ಮೂರನೆಯ ದರಕ್ಕೆ ಕಾಲಿಟ್ಟಿತು.

ಇದನ್ನು ಕಂಡುಹಿಡಿಯಲು ಉಪಕರಣವೇನೂ ಬೇಡ. ರಾತ್ರಿ ಮಲಗುವ ಮುನ್ನ ಫ್ಲಶ್ ಟ್ಯಾಂಕಿನ ಮುಚ್ಚಳ ತೆಗೆದು ಒಂದು ಚಮಚ ಅರಿಶಿನವನ್ನು ಕಲಸಿ, ಫ್ಲಶ್ ಮಾಡದೆ ಅರ್ಧ ಗಂಟೆ ಬಿಡಿ; ಕಮೋಡಿನ ನೀರು ಹಳದಿಯಾಗಿದ್ದರೆ ಒಳಗಿನ ರಬ್ಬರ್ ಸವೆದಿದೆ ಎಂದರ್ಥ. ಸಂಪು ಸೋರುತ್ತಿದೆಯೇ ಎಂಬುದಕ್ಕೆ ಮೋಟಾರ್ ಹಾಕದ ರಾತ್ರಿ ನೀರಿನ ಮಟ್ಟವನ್ನು ಕೋಲಿನಿಂದ ಅಳೆದು, ಬೆಳಿಗ್ಗೆ ಮತ್ತೆ ಅಳೆಯಿರಿ. ಮೀಟರಿನಿಂದ ಗೇಟ್‌ವಾಲ್ವ್‌ವರೆಗಿನ ಕೊಳವೆಯನ್ನು ಪರೀಕ್ಷಿಸಲು ನೀರು ಬರುವ ಹೊತ್ತಿನಲ್ಲಿ ಗೇಟ್‌ವಾಲ್ವನ್ನೂ ಅದರ ಮುಂಚಿನ ನಲ್ಲಿಯನ್ನೂ ಮುಚ್ಚಿ, ಮೀಟರಿನ ಗಾಜನ್ನು ಒರೆಸಿ, ಅದರೊಳಗಿನ ಪುಟ್ಟ ಚಕ್ರವನ್ನೇ ದಿಟ್ಟಿಸಿ ನೋಡಿ. ಎಲ್ಲ ಮುಚ್ಚಿದ್ದರೂ ಅದು ನಡುಗುತ್ತಾ ತಿರುಗುತ್ತಿದ್ದರೆ ನೆಲದಡಿಯಲ್ಲಿ ನೀರು ಸೋರುತ್ತಿದೆ. ಪ್ರತಿ ತಿಂಗಳ ಒಂದೇ ತಾರೀಖಿನಂದು ಮೀಟರಿನ ಅಂಕಿಯನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ, ಮನೆಗೆ ಬೀಗ ಹಾಕಿದ್ದ ತಿಂಗಳು ಸರಾಸರಿಯ ಮೇಲೆ ಬಿಲ್ ಬಂದಾಗ ಸರಿಪಡಿಸಿಕೊಳ್ಳಲು ಅದೇ ಆಧಾರ.

ಆರನೆಯ ಹೆಜ್ಜೆ: ಒಳಚರಂಡಿ ಕಟ್ಟಿಕೊಂಡಾಗ

ಬಚ್ಚಲಿನ ನೀರು ಇಳಿಯದಿದ್ದರೆ ಮೊದಲು ಮನೆಯ ಆವರಣದ ಕೊನೆಯ ಚೇಂಬರಿನ ಮುಚ್ಚಳ ಎತ್ತಿ ನೋಡಿ. ಚೇಂಬರ್ ಖಾಲಿಯಾಗಿದ್ದರೆ ಅಡಚಣೆ ಮನೆಯೊಳಗಿನ ಕೊಳವೆಯಲ್ಲಿದೆ, ಪ್ಲಂಬರ್ ಸಾಕು. ಅದು ತುಂಬಿ ನಿಂತಿದ್ದರೆ ಅಡಚಣೆ ಅದರಿಂದ ಮುಂದಿದೆ. ರಸ್ತೆಯ ಮ್ಯಾನ್‌ಹೋಲೂ ಉಕ್ಕುತ್ತಿದ್ದರೆ ಅದು ಮಂಡಳಿಯ ಸಾಲಿನ ಸಮಸ್ಯೆ, 1916ಕ್ಕೆ ಕರೆ ಮಾಡಿ, ಒತ್ತಡದ ನೀರಿನಿಂದ ಅಡಚಣೆ ತೆಗೆಯುವ ಜೆಟ್ಟಿಂಗ್ ಯಂತ್ರವನ್ನು ಕೇಳಿ. ಬೀದಿಯ ತಗ್ಗಿನ ತುದಿಯಲ್ಲಿರುವ ಮನೆಯವರು ಯಂತ್ರ ಬರುವವರೆಗೆ ನೀರಿನ ಬಳಕೆಯನ್ನು ತಗ್ಗಿಸುವಂತೆ ಮೇಲಿನ ಮನೆಗಳನ್ನು ಕೇಳಿಕೊಳ್ಳಬೇಕು, ಏಕೆಂದರೆ ಮೇಲಿನವರು ಬಿಡುವ ಒಂದೊಂದು ಬಕೆಟ್ಟೂ ಕೆಳಗಿನವರ ಅಂಗಳದಲ್ಲಿ ಏಳುತ್ತದೆ.

ಯಾವ ಕಾರಣಕ್ಕೂ, ಎಷ್ಟೇ ತುರ್ತಿದ್ದರೂ, ಒಬ್ಬ ಮನುಷ್ಯನನ್ನು ಮ್ಯಾನ್‌ಹೋಲಿಗಾಗಲಿ ಮಲದ ಗುಂಡಿಗಾಗಲಿ ಇಳಿಸಬಾರದು. ಅಲ್ಲಿ ಶೇಖರವಾಗುವ ಹೈಡ್ರೋಜನ್ ಸಲ್ಫೈಡ್ ಅನಿಲ ಹೆಚ್ಚಿದಾಗ ಮೂಗಿನ ಗ್ರಹಣಶಕ್ತಿಯೇ ಮಂಕಾಗಿ ವಾಸನೆ ತಿಳಿಯದಂತಾಗುತ್ತದೆ. ಇಳಿದವನು ಕೆಲವೇ ಉಸಿರಿನಲ್ಲಿ ಕುಸಿಯುತ್ತಾನೆ, ಎತ್ತಲು ಇಳಿದವನೂ ಅವನ ಪಕ್ಕದಲ್ಲೇ ಬೀಳುತ್ತಾನೆ. ಮಲ ಹೊರುವ ಕೆಲಸಕ್ಕೆ ಜನರನ್ನು ನೇಮಿಸುವುದನ್ನು ನಿಷೇಧಿಸುವ 2013ರ ಕಾಯ್ದೆಯ ಪ್ರಕಾರ ಹೀಗೆ ಇಳಿಸುವುದು ಅಪರಾಧ, ಮೊದಲ ಬಾರಿಗೇ ಎರಡು ವರ್ಷದವರೆಗೆ ಸೆರೆವಾಸ ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಐನೂರು ರೂಪಾಯಿಗೆ ಒಬ್ಬರು ಇಳಿಯುತ್ತಾರಂತೆ ಎಂದು ಯಾರಾದರೂ ಸೂಚಿಸಿದರೆ, ಒಂದು ದಿನ ವಾಸನೆ ಸಹಿಸಿಕೊಂಡಾದರೂ ಯಂತ್ರಕ್ಕಾಗಿ ಕಾಯೋಣ ಎಂದು ಗಟ್ಟಿಯಾಗಿ ಹೇಳಿ.

ಕಟ್ಟಿಕೊಳ್ಳುವುದಕ್ಕೆ ಕಾರಣಗಳು ನಮ್ಮ ಮನೆಗಳಲ್ಲೇ ಇವೆ. ಕರಿದ ಎಣ್ಣೆ ಬಿಸಿಯಿದ್ದಾಗ ಹರಿದುಹೋದಂತೆ ಕಂಡರೂ ಕೊಳವೆಯ ತಣ್ಣನೆಯ ಗೋಡೆಗೆ ಹೆಪ್ಪುಗಟ್ಟಿ ಕೂರುತ್ತದೆ, ಅದಕ್ಕೆ ಅನ್ನದ ಅಗುಳು, ಕೂದಲು, ಸ್ಯಾನಿಟರಿ ಪ್ಯಾಡು ಅಂಟಿಕೊಳ್ಳುತ್ತವೆ. ಮಳೆಗಾಲದ ಉಕ್ಕುವಿಕೆಗೆ ಇನ್ನೊಂದು ಕಾರಣ, ತಾರಸಿಯ ಮಳೆನೀರಿನ ಕೊಳವೆಯನ್ನು ಒಳಚರಂಡಿ ಚೇಂಬರಿಗೆ ಜೋಡಿಸಿರುವುದು. ಒಳಚರಂಡಿಯ ಕೊಳವೆಯನ್ನು ಮನೆಗಳು ಬಳಸಿ ಬಿಡುವ ನೀರಿನ ಅಂದಾಜಿಗೆ ಹಾಕಿರುತ್ತಾರೆ; ಒಂದು ಜೋರು ಮಳೆಯ ತಾರಸಿ ನೀರನ್ನು ಅದು ತಾಳುವುದಿಲ್ಲ. ಮಳೆನೀರು ಹೋಗಬೇಕಾದದ್ದು ರಸ್ತೆ ಬದಿಯ ಮಳೆನೀರು ಚರಂಡಿಗೆ, ಅದಕ್ಕಿಂತ ಮಿಗಿಲಾಗಿ ನಿಮ್ಮದೇ ಸಂಪಿಗೆ ಅಥವಾ ಇಂಗುಗುಂಡಿಗೆ. 2,400 ಚದರ ಅಡಿ ಮತ್ತು ಮೇಲ್ಪಟ್ಟ ನಿವೇಶನದ ಹಳೆಯ ಮನೆಗಳಿಗೂ 1,200 ಚದರ ಅಡಿ ಮತ್ತು ಮೇಲ್ಪಟ್ಟ ನಿವೇಶನದ ಹೊಸ ಮನೆಗಳಿಗೂ ಮಳೆನೀರು ಸಂಗ್ರಹ ಕಡ್ಡಾಯವಾಗಿದ್ದು, ಅಳವಡಿಸದವರ ಬಿಲ್ಲಿನಲ್ಲಿ ದಂಡ ಸೇರುತ್ತದೆ. ಅದರ ಮಾದರಿಗಳನ್ನು ಕಣ್ಣಾರೆ ನೋಡಬೇಕೆನ್ನುವವರಿಗೆ ಜಯನಗರ 5ನೆಯ ಬ್ಲಾಕಿನಲ್ಲಿ ಮಂಡಳಿಯದೇ ಮಳೆನೀರು ಸಂಗ್ರಹ ಉದ್ಯಾನವಿದೆ. ಗೋಡೆಯ ಮೇಲಿನ ಚಿತ್ರಕ್ಕಿಂತ ಅಲ್ಲಿ ಅರ್ಧ ಗಂಟೆ ಸುತ್ತಾಡುವುದು ಹೆಚ್ಚು ಕಲಿಸುತ್ತದೆ.

ಬೇಸಿಗೆಯ ಪ್ರಕಟಣೆಗಳನ್ನು ಓದುವಾಗ ನಿರ್ಬಂಧಗಳನ್ನೂ ಗಮನಿಸಿ. 2024ರ ಮಾರ್ಚ್‌ನಲ್ಲಿ ಕುಡಿಯುವ ನೀರಿನಿಂದ ವಾಹನ ತೊಳೆಯುವುದು, ಕೈತೋಟಕ್ಕೆ ಹಾಯಿಸುವುದು, ಕಟ್ಟಡ ಕಾಮಗಾರಿಗೆ ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ವಿಧಿಸಲಾಗಿತ್ತು. 2025ರ ಫೆಬ್ರುವರಿಯಲ್ಲಿಯೂ ಅಂಥದೇ ಆದೇಶ ಬಂದಿತು.

ಬಾಡಿಗೆ ಮನೆ ಬಿಡುವವರು ಹೊರಡುವ ದಿನ ಮೀಟರಿನ ಅಂಕಿಯ ಫೋಟೊ ತೆಗೆದು, ಅಲ್ಲಿಯವರೆಗಿನ ಬಿಲ್ ಕಟ್ಟಿದ ರಸೀದಿಯ ಜೊತೆ ಮಾಲೀಕರಿಗೆ ಕಳುಹಿಸಿ, ನೋಟ್‌ಬುಕ್ಕನ್ನು ಮೀಟರ್ ಪೆಟ್ಟಿಗೆಯ ಪಕ್ಕದ ಗೂಡಿನಲ್ಲಿಯೇ ಇಟ್ಟುಹೋಗಲಿ. ಮುಂದೆ ಬರುವವರಿಗೆ ಸರದಿಯ ದಿನ, ಜಲಾಗಾರದ ಹೆಸರು, ಚೇಂಬರ್ ಇರುವ ಜಾಗ, ಸಂಪಿನ ಅಳತೆ ಎಲ್ಲವೂ ಮೊದಲ ಪುಟದಲ್ಲೇ ಸಿಗುತ್ತವೆ.